ಜರೀಗಿಡದ ಪೊದೆ

ವಾಲ್ಯಾ ಪ್ರುನಿಲೊರ್,
ಅಕ್ಟೋಬರ್ 9, ಸೋಮವಾರ

ಪ್ರೀತಿಯ ತೆಯೊಫಿಲ್,

ಹೊಟ್ಟೆನೋವು ಈಗ ಹೇಗಿದೆ? ಕ್ಲೂಜ್‌ನಲ್ಲಿ ನಿಮ್ಮ ಫೋಟೋ ಪ್ರದರ್ಶನ ನೋಡಲು ಬಂದವರೊಂದಿಗೆಲ್ಲ ಕಾಫಿ ಕುಡಿಯುತ್ತ ಕೂತರೆ ಅದು ವಾಸಿಯಾಗುವುದಿಲ್ಲ. ಒಂದು ಹೊತ್ತಾದರೂ ಮೆಕ್ಕೆಜೋಳದ ಬಿಸಿ ಮಮಲಿಗಾ ತಿನ್ನಿ. ನಾನೂ ಮಗಳು ಅಂಕಾಳೂ ಚೆನ್ನಾಗಿದ್ದೇವೆ ಎಂದು ಬರೆಯಬೇಕಲ್ಲ, ಬರೆದಿದ್ದೇನೆ. ಅವಳನ್ನು ಅಂಗಳಕ್ಕೂ ಬಿಡುತ್ತಿಲ್ಲ. ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರವನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಪಕ್ಕದ ಮನೆಯ ಸವೇತಾ ಹೋಗಿಬಿಟ್ಟಳು. ಮಂಗಳವಾರ ಬೆಳಿಗ್ಗೆ ಪ್ಲಮ್ ಆರಿಸಲು ಹಿತ್ತಿಲಿಗೆ ಹೋದವಳನ್ನು ಕರಡಿ ಬೇಲಿಯ ಹತ್ತಿರವೇ ಹಿಡಿದು ಕಾಡಿಗೆ ಎಳೆದುಕೊಂಡು ಹೋಯಿತು. ನಿಮ್ಮ ಬಹುಮಾನದ ಚಿತ್ರದ ಕರಡಿಯೇ, ಆ ಹರಿದ ಕಿವಿಯದ್ದು. ದೇಹ ಸಿಕ್ಕಿದ್ದು ಕಾಡಿನೊಳಗೆ. ಹಾಗಾಗಿ ಅಣಬೆ ಕೀಳಲು ಅವಳೇ ಹೋಗಿದ್ದಳು ಎಂದು ಅರಣ್ಯ ಕಚೇರಿಯವರು ಬರೆದುಕೊಂಡಿದ್ದಾರೆ. ಕರಡಿ ಊರಿಗೆ ಬರುವುದೇ ಇಲ್ಲವಂತೆ, ಬೋನೂ ಇಡುವುದಿಲ್ಲವಂತೆ. ಹೆಣದ ಮುಂದೆಯೇ ಯಾರೋ ಅವಳ ಗಂಡ ಗವ್ರಿಲ್‌ಗೆ, “ನಾಲ್ಕು ಅಣಬೆ ಆಸೆಗೆ ಹೆಂಡ್ತೀನ ಕಾಡಿಗೆ ಅಟ್ಟಿದ್ಯಲ್ಲೋ” ಎಂದ. ಆ ಬಾಯಿಗೆ ಹುಳ ಬೀಳ!

ಆಗಸ್ಟಿನಲ್ಲೇ ನಾನು ಆ ಕಚೇರಿಗೆ ಹೋಗಿ ಬೋನು ಕೇಳಿದ್ದೆ, ನೆನಪಿದೆಯೇ? ಅಧಿಕಾರಿ ನಿಮ್ಮ ಚಿತ್ರ ಅಚ್ಚಾದ ಪತ್ರಿಕೆಯನ್ನೇ ನನ್ನ ಮುಂದೆ ಹಿಡಿದ. “ನೋಡಮ್ಮಾ, ಮನುಷ್ಯರ ಸುಳಿವೇ ಇಲ್ಲದ ಕಾಡು ಅಂತ ನಿನ್ನ ಗಂಡನೇ ಬರ್ದಿದ್ದಾನೆ. ಬೇಲಿ ಎಲ್ಲಿದೆ, ತೋರ್ಸು” ಎಂದು ನಕ್ಕ. ಏನು ತೋರಿಸಲಿ? ನಮ್ಮದೇ ಅಟ್ಟದ ಕಿಟಕಿಯಿಂದ ತೆಗೆದ ಚಿತ್ರ ಅದು. ಕಂಪ್ಯೂಟರಿನಲ್ಲಿ ನೀವು ಬೇಲಿಯ ಗೂಟಗಳನ್ನು ಒಂದೊಂದಾಗಿ ಅಳಿಸುವಾಗ ಚಹಾ ಹಿಡಿದು ಪಕ್ಕದಲ್ಲಿ ಕೂತಿದ್ದೆ. “ಬೇಲಿ ಇದ್ರೆ ಸರ್ಕಸ್ ಕರಡಿ ಥರ ಕಾಣುತ್ತೆ ಕಣೇ” ಎಂದಿರಿ. ಕರಡಿಯ ಕಣ್ಣಿಗೆ ಇನ್ನಷ್ಟು ಬೆಳಕು ಕೊಡಿ ಎಂದವಳು ನಾನು. ಎಡಗಡೆಯ ಜರೀಗಿಡದ ಪೊದೆ ಎಷ್ಟು ಚೆಂದ ಎಂದು ಹೊಗಳಿದವಳೂ ನಾನೇ. ನನ್ನ ಕೈಯೂ ಶುದ್ಧವಿಲ್ಲ ಬಿಡಿ. ಕರಡಿ ಬಂದಾಗ ನಾನೆಲ್ಲಿದ್ದೆ ಎಂದು ಕೇಳಿದ್ದಕ್ಕೆ, “ನೀನು ಅಂಗಡಿಗೆ ಹೋಗಿದ್ದೆ, ನೋಡೋದು ತಪ್ಪಿಹೋಯ್ತು ನಿಂಗೆ” ಎಂದಿದ್ದಿರಿ.

ಗುರುವಾರ ಸವೇತಾಳ ಸಾವಿನ ವಿಚಾರಣೆ. ಅಷ್ಟರೊಳಗೆ ಮೂಲ ಚಿತ್ರ ಕಳಿಸಿ. ಬೇಲಿ ಕಂಡರೆ ಸಾಕು, ಗವ್ರಿಲ್‌ನ ಮೇಲಿನ ಅಪವಾದ ಹೋಗುತ್ತದೆ, ಊರಿಗೆ ಬೋನು ಬರುತ್ತದೆ. ನಿಮ್ಮ ಬಹುಮಾನ ವಾಪಸು ಕೇಳುತ್ತಾರೆ, ಗೊತ್ತು. ಹನ್ನೆರಡು ವರ್ಷ ಚಳಿಯಲ್ಲಿ ಅಡಗಿ ಕೂತು ಗಳಿಸಿದ ಹೆಸರು, ಅದೂ ಗೊತ್ತು. ಆದರೂ ಕಳಿಸಿ ರೀ, ಕೈಮುಗಿದು ಕೇಳುತ್ತೇನೆ.

ದೇವಮಾತೆ ನಿಮ್ಮನ್ನು ಕಾಯಲಿ. ಉಣ್ಣೆಯ ಅಂಗಿ ಹಾಕಿಕೊಳ್ಳಿ.

ನಿಮ್ಮ
ಇಲಿಂಕಾ

ಮತ್ತೆ: ಬಸ್ಸು ಹಾರನ್ ಹೊಡೆಯುತ್ತಿದೆ. ಮೂಲ ಚಿತ್ರ ಕಳಿಸುವುದು ಬೇಡ. ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ಅಂಕಾ ಈಗಷ್ಟೇ ಹುಡುಕಿ ಕೊಟ್ಟಳು. ಗುರುವಾರ ನಾನೇ ಒಯ್ಯುತ್ತೇನೆ. ಬೇಲಿ ಇದೆ. ಬೇಲಿಯ ಈಚೆ, ಕರಡಿಯಿಂದ ಹತ್ತು ಹೆಜ್ಜೆ ದೂರದಲ್ಲಿ, ಅದಕ್ಕೆ ಬೆನ್ನು ಹಾಕಿ ಬಟ್ಟೆ ಒಣಹಾಕುತ್ತಿರುವವಳು ನಾನು. ಕಂಪ್ಯೂಟರಿನಲ್ಲಿ ನೀವು ಜರೀಗಿಡದ ಪೊದೆ ಬೆಳೆಸಿದ್ದು ನನ್ನ ಮೇಲೆಯೇ. ಒಂದರ ಹಿಂದೊಂದು ತೆಗೆದ ಅಂಥವು ಮೂವತ್ತೊಂದು ಚಿತ್ರಗಳಿವೆ. ಅಷ್ಟು ಹೊತ್ತಿನಲ್ಲಿ ಒಂದು ಸಲವಾದರೂ ನನ್ನನ್ನು ಕೂಗಬೇಕು ಅನ್ನಿಸಲಿಲ್ಲವೇ ರೀ?