ಬೆಂಚಿನ ತುದಿಯಲ್ಲಿ ಕೂತಿದ್ದ ಅಪ್ಪನಿಗೆ

ಅಪ್ಪಾ,

ಈ ಕಾಗದ ನಿನಗೆ ತಲುಪುವುದಿಲ್ಲ ಅಂತ ಗೊತ್ತಿರುವುದರಿಂದಲೇ ಬರೆಯುವ ಧೈರ್ಯ ಬಂತು.

ನೀನು ಹೋದ ಮೇಲೂ ಸಲೂನಿನಲ್ಲಿ ಬ್ಯಾಸ್ಕೆಟ್‌ಬಾಲ್ ಜಗಳ ನಿಂತಿಲ್ಲ. ನಮ್ಮ ತಂಡ ಒಬ್ಬ ದೊಡ್ಡ ಸ್ಟಾರ್‌ನನ್ನು ತರಬೇಕೋ, ಬೆಂಚಿನಲ್ಲಿ ಕೂರುವ ಬದಲಿ ಆಟಗಾರರನ್ನು ಗಟ್ಟಿ ಮಾಡಿಕೊಳ್ಳಬೇಕೋ ಎಂದು ಇವತ್ತಿನ ಚರ್ಚೆ. ನಾನು ಸ್ಟಾರ್ ಕಡೆ. "ಬೆಂಚಲ್ಲಿ ಕೂರೋರು ಟವೆಲ್ ಕೊಡೋಕಷ್ಟೇ ಲಾಯಕ್ಕು" ಅಂದೆ. ಎಲ್ಲರೂ ನಕ್ಕರು.

ಕ್ಷೌರಿಕ ಕತ್ತರಿ ನಿಲ್ಲಿಸಿ ಕೇಳಿದ: "ನಿಮ್ಮಪ್ಪನೂ ಆಡ್ತಿದ್ರಂತಲ್ಲ?"

ಶೂ ಲೇಸು ಬಿಗಿದುಕೊಂಡು ಕೊನೆಯ ಸೀಟಿಯವರೆಗೂ ಬೆಂಚಿನ ತುದಿಯಲ್ಲಿ ಕಾಯುತ್ತಿದ್ದ ನೀನು ಕಣ್ಣ ಮುಂದೆ ಬಂದೆ. ಮನೆಗೆ ಬಂದ ಮೇಲೆ ಆ ಲೇಸು ಬಿಚ್ಚುತ್ತಿದ್ದವನು ನಾನೇ. ಆದರೂ ಬಾಯಿಂದ ಬಂದದ್ದು, "ನಮ್ಮಪ್ಪನಾ? ಅವರಿಲ್ದೆ ಮ್ಯಾಚೇ ಶುರುವಾಗ್ತಿರ್ಲಿಲ್ಲ!"

ಪಕ್ಕದ ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡಿದ್ದ ಮುದುಕರೊಬ್ಬರು ಕನ್ನಡಿಯಲ್ಲೇ ನನ್ನನ್ನು ನೋಡಿದರು. ನಿನ್ನ ಕೋಚ್. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಹೌದು," ಅಂದರು ಮೆಲ್ಲಗೆ. "ಇವರಪ್ಪನ್ನ ನಾನು ಯಾವತ್ತೂ ಹೊರಗೆ ಕೂರಿಸ್ಲಿಲ್ಲ."

ಒಂದು ಸಲವೂ ನಿನ್ನನ್ನು ಒಳಗೆ ಕಳಿಸದವರು, ಅಪ್ಪಾ, ಇವತ್ತು ನನ್ನ ಮಾನ ಉಳಿಸಲು ನಿನ್ನನ್ನು ಆಟಕ್ಕಿಳಿಸಿದರು.