ಮೊದಲ ಪ್ಯಾರಾ ಬಿಟ್ಟು

ಟ್ಯುಟೋರಿಯಲ್ ಮೇಲಿನ ಕೋಣೆ,
ಮಾರ್ಚ್ ೯, ಸೋಮವಾರ

ಪ್ರೀತಿಯ ಅಕ್ಕಾ,

ನೀನೂ ಅಮ್ಮನೂ ಆರೋಗ್ಯವಾಗಿದ್ದೀರೆಂದು ತಿಳಿಯುತ್ತೇನೆ. ನಾನೂ ಹಾಗೇ ಇದ್ದೇನೆ. ಕಾಗದ ಬರೆಯುವವರೆಲ್ಲ ಇದನ್ನು ಬರೆಯುತ್ತಾರೆ, ಯಾರೂ ಓದುವುದಿಲ್ಲ. ಮೊದಲ ಪ್ಯಾರಾ ಎಂದರೆ ಗಂಟಲು ಸರಿಮಾಡಿಕೊಳ್ಳುವ ಸದ್ದು, ಅದನ್ನು ಹಾರಿಸಿ ಎಂದು ಹೇಳಿಕೊಟ್ಟೇ ಹದಿನಾಲ್ಕು ವರ್ಷದಿಂದ ಹೊಟ್ಟೆ ಹೊರೆಯುತ್ತಿದ್ದೇನೆ.

ಪರೀಕ್ಷೆಗೆ ಹನ್ನೊಂದು ದಿನವಿದೆ. ಕೆಳಗಿನ ಹಾಲ್‌ನಲ್ಲಿ ಅರವತ್ತು ತಲೆಗಳು ಬಗ್ಗಿ ಕೂತಿವೆ. ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟ ಒಂದು ವಾದವನ್ನು ಬಿಡಿಸಲು ಒಂಬತ್ತು ನಿಮಿಷ. ಕೊನೆಯ ಸಾಲನ್ನು ಮೊದಲು ಓದಬೇಕು, ತೀರ್ಮಾನ ಅಲ್ಲಿರುತ್ತದೆ. ‘ಏಕೆಂದರೆ’ ಎಂದಿರುವಲ್ಲೆಲ್ಲ ಗೆರೆ ಎಳೆಯಬೇಕು, ಅದು ಸಾಕ್ಷ್ಯ. ಎರಡರ ನಡುವೆ ಬರೆದವನು ಹೇಳದೆ ನುಂಗಿಕೊಂಡದ್ದೇನೆಂದು ಹುಡುಕಬೇಕು. ಇಷ್ಟೇ. ಇಷ್ಟನ್ನೂ ಮಾಡಲಾರದೆ ಒಬ್ಬ ಮಹಾಶಯ ‘ಲೇಖಕರ ಮಾತು ಮನಮುಟ್ಟುತ್ತದೆ’ ಎಂದು ಬರೆದಿದ್ದಾನೆ. ನಮ್ಮ ಮಾಲೀಕರಿಗೆ ಗಡಿಯಾರ ನೋಡಲು ಬರುತ್ತದೆ, ಅದನ್ನೇ ವಿದ್ಯೆ ಎಂದುಕೊಂಡಿದ್ದಾರೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ್, ಅವರು ಹೇಳ್ತಿರೋದು ನಿಜಾನಾ ಅಂತ ನೋಡೋದು ಬೇಡ್ವಾ?” ಎಂದಳು. ಅದಕ್ಕೆ ಅಂಕವಿಲ್ಲ, ಮುಂದಕ್ಕೆ ಹೋಗು ಎಂದೆ. ಪೆಚ್ಚಾಗಿ ಬರೆಯತೊಡಗಿದಳು.

ಇನ್ನು ನಿನ್ನ ಕಾಗದ. ಅದನ್ನೂ ಒಂಬತ್ತೇ ನಿಮಿಷದಲ್ಲಿ ಮುಗಿಸಿದೆ. ತೀರ್ಮಾನ: ಅಮ್ಮನನ್ನು ಇನ್ನು ನಾನು ಇಟ್ಟುಕೊಳ್ಳಬೇಕು. ಸಾಕ್ಷ್ಯ ಒಂದು, ಹಾಲು ಎರಡು ಸಲ ಉಕ್ಕಿ ಒಲೆ ಆರಿತು. ಹಾಲು ಯಾರ ಮನೆಯಲ್ಲಿ ಉಕ್ಕುವುದಿಲ್ಲ? ಎರಡು, ಅಮ್ಮ ನಿನ್ನ ಮಾತು ಕೇಳುವುದಿಲ್ಲ. ಅವಳು ಅಪ್ಪನ ಮಾತನ್ನೂ ಕೇಳಿದವಳಲ್ಲ. ಮೂರು, ‘ನನ್ನ ಕೈಲಾಗ್ತಿಲ್ಲ ಕಣೋ’. ಇದು ಅಳಲು, ಸಾಕ್ಷ್ಯವಲ್ಲ. ನುಂಗಿಕೊಂಡದ್ದು: ಒಂದು ಮಂಚ, ಒಂದು ಬಕೆಟ್ಟು ಇರುವ ಕೋಣೆಯಲ್ಲಿ ಇನ್ನೊಬ್ಬರಿಗೆ ಜಾಗವಿದೆಯೆಂಬ ನಂಬಿಕೆ. ಆರು ವರ್ಷ ನಿನ್ನ ಕೈಲಾದದ್ದು ಈ ತಿಂಗಳು ಏಕೆ ಆಗದು ಎಂಬುದಕ್ಕೆ ಒಂದಕ್ಷರವಿಲ್ಲ. ಅಕ್ಷರವೂ ನಿನ್ನದಲ್ಲ. ‘ಬರೆದವರು, ಪಕ್ಕದ ಮನೆ ಟೈಲರಮ್ಮ’ ಎಂದು ಕೊನೆಯಲ್ಲಿದೆ. ಅವರ ಬರಹ ಬ್ಲೌಸಿನ ಅಳತೆ ಗುರುತು ಹಾಕಿಕೊಂಡ ಹಾಗಿದೆ. ವಾದದಲ್ಲಿ ಬಲವಿಲ್ಲದಾಗ ಮೂರನೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದು ಹಳೆಯ ಉಪಾಯ. ಚಿಕ್ಕಂದಿನಲ್ಲಿ ನೀನು ನನ್ನ ಮೇಲೆ ಚಾಡಿ ಹೇಳುವಾಗಲೂ ಯಾರನ್ನಾದರೂ ಕರೆತರುತ್ತಿದ್ದೆ. ಹತ್ತಕ್ಕೆ ಮೂರು ಕೊಡಬಹುದು.

ಪರೀಕ್ಷೆ ಮುಗಿದ ಮೇಲೆ ಯೋಚಿಸೋಣ. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ

ಮರೆತದ್ದು: ವಿಳಾಸ ಬರೆಯಲು ನಿನ್ನ ಕಾಗದವನ್ನು ಮತ್ತೆ ಬಿಡಿಸಿದೆ. ವಿಳಾಸದ ಕೆಳಗೇ ಮೊದಲ ಪ್ಯಾರಾ ಇತ್ತು. ‘ನಾವಿಬ್ಬರೂ ಕ್ಷೇಮ. ನನ್ನ ಬಲಗಣ್ಣು ಹೋದ ತಿಂಗಳೇ ಹೋಯ್ತು, ಎಡಗಣ್ಣಿಗೆ ನೆರಳಷ್ಟೇ ಕಾಣುತ್ತೆ. ಅಮ್ಮನ ಮಾತ್ರೆ ಅಂತ ಎರಡು ದಿನ ನನ್ನದೇ ಕೊಟ್ಟುಬಿಟ್ಟಿದ್ದೆ. ಈಗ ಟೈಲರಮ್ಮ ನೋಡಿ ಕೊಡ್ತಾರೆ, ಅವರಾದ್ರೂ ಎಷ್ಟು ದಿನ ಮಾಡ್ತಾರೆ. ಗಾಬರಿಯಾಗಬೇಡ.’

ಟೈಲರಮ್ಮನವರೇ, ಇದನ್ನು ಅಕ್ಕನಿಗೆ ಓದಿ ಹೇಳುವವರು ನೀವೇ. ಅದಕ್ಕೇ ಈ ಹಾಳೆ ಮೇಲೆ ಬರುವಂತೆ ಮಡಿಸಿದ್ದೇನೆ. ಅಮ್ಮನ ಎದುರು ಇಷ್ಟನ್ನೇ ಓದಿ: ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಇಬ್ಬರ ಬಟ್ಟೆಯನ್ನೂ ಕಟ್ಟಿಡಲಿ. ಒಳಗಿನ ಹಾಳೆಗಳನ್ನು ಹರಿದುಹಾಕಬಹುದಿತ್ತು. ಆದರೆ ತಾನು ಎಂಥವನ ಮನೆಗೆ ಬರುತ್ತಿದ್ದೇನೆಂದು ಅಕ್ಕನಿಗೆ ಗೊತ್ತಿರಬೇಕು. ಅವಳೊಬ್ಬಳೇ ಇರುವಾಗ ಓದಿ. ಬ್ಲೌಸಿನ ಅಳತೆಯ ಸಾಲನ್ನೂ ಹಾರಿಸಬೇಡಿ.