ಎಂಟನೇ ವಾರಕ್ಕೆ ನಿಂತ ಗೆರೆ

ಗುಣವಾದವರ ಪಟ್ಟಿ ಕಾಯುವ ಮಾನ್ಯ ನಿರ್ದೇಶಕರೇ,

ನನ್ನ ಮಗಳು ಸತ್ತು ಹದಿನಾಲ್ಕು ತಿಂಗಳಾಯಿತು. ನಿಮ್ಮ ಸಂಸ್ಥೆಯ ವರದಿಯಲ್ಲಿ ಅವಳು ಇವತ್ತಿಗೂ 'ಚಿಕಿತ್ಸೆಗೆ ಸ್ಪಂದಿಸಿದವರ' ಸಾಲಿನಲ್ಲಿದ್ದಾಳೆ. ಅಲ್ಲಿಂದ ಅವಳನ್ನು ತೆಗೆಯಿರಿ ಎಂದು ಈ ತಿಂಗಳಲ್ಲಿ ಮೂರು ಸಲ ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿದೆ. ಮೂರನೇ ಸಲ ಕಿಟಕಿಯ ಗುಮಾಸ್ತರು ಕನ್ನಡಕ ಮೇಲೇರಿಸಿ ಕೇಳಿದರು: "ಅಜ್ಜಿ, ಎಂಟನೇ ವಾರದಲ್ಲಿ ಅವರು ಬದುಕಿದ್ರೋ ಇಲ್ವೋ?" ಬದುಕಿದ್ದಳು ಎಂದೆ. "ಗೆಡ್ಡೆ ಕುಗ್ಗಿತ್ತೋ ಇಲ್ವೋ?" ಕುಗ್ಗಿತ್ತು ಎಂದೆ. "ಮತ್ತೆ? ದಾಖಲೆ ಸರಿಯಾಗೇ ಇದೆಯಲ್ಲ." ಒಳ್ಳೆಯ ಮನುಷ್ಯರೇ ಅವರು, ಕುಡಿಯಲು ನೀರು ಕೊಟ್ಟರು, ಸಾಲು ಮಾತ್ರ ತಿದ್ದಲಿಲ್ಲ. ಆದ್ದರಿಂದ ಈ ಕಾಗದವನ್ನು ಕಿಟಕಿಗೆ ಹಾಕದೆ ಎಲ್ಲರಿಗೂ ಕಾಣುವ ಹಾಗೆ ಪತ್ರಿಕೆಗೆ ಹಾಕುತ್ತಿದ್ದೇನೆ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ನಾಲ್ಕನೇ ತರಗತಿ. ತಪ್ಪಿದ್ದರೆ ತಿದ್ದಿಕೊಳ್ಳಿ, ತಿದ್ದುವ ಅಭ್ಯಾಸ ತಮಗೆ ಇದ್ದರೆ.

ಮಗಳು ಗಡಿಯಾರ ರಿಪೇರಿ ಮಾಡುತ್ತಿದ್ದಳು. ಎರಡು ಅಂಗಡಿಗಳ ನಡುವಿನ ಸಂದಿನಂಥ ಜಾಗ, ಒಂದು ಮೇಜು, ಒಂದು ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಉಸಿರು ಬಿಟ್ಟರೆ ಹಾರಿಹೋಗುವಂಥ ತಿರುಪುಗಳನ್ನು ಅವಳು ಚಿಮಟದಲ್ಲಿ ಎತ್ತುತ್ತಿದ್ದದ್ದನ್ನು ನೋಡಿ ನಾನೇ ಉಸಿರು ಹಿಡಿಯುತ್ತಿದ್ದೆ. ಒಂದು ದಿನ ಗಿರಾಕಿಯೊಬ್ಬರು ಗೋಡೆ ಗಡಿಯಾರ ವಾಪಸು ತಂದರು. ಮಾಸಿದ ಅಂಕಿಗಳನ್ನು ಹೊಸದಾಗಿ ಬರೆಯಲು ಕೊಟ್ಟಿದ್ದದ್ದು. ಹನ್ನೆರಡರಿಂದ ಆರರವರೆಗೆ ಅಂಕಿಗಳು ಮುತ್ತು ಪೋಣಿಸಿದ ಹಾಗಿದ್ದವು. ಎಡಗಡೆ ಬರೀ ಬಿಳಿ. "ಏನಮ್ಮಾ, ಇದು ಅರ್ಧ ದಿನ ಮಾತ್ರ ಓಡುತ್ತಾ?" ಎಂದು ಅವರು ನಕ್ಕರು. ಮಗಳು ಗಡಿಯಾರವನ್ನು ದೀಪದ ಕೆಳಗೆ ಹಿಡಿದು ನೋಡಿ, "ಎಲ್ಲಾ ಇದೆಯಲ್ಲ" ಎಂದಳು. ಅವಳ ಮುಖ ನೋಡಿ ಆ ಮನುಷ್ಯರ ನಗು ಅಲ್ಲೇ ನಿಂತುಹೋಯಿತು.

ಮಿದುಳಿನ ಬಲಗಡೆ ಗೆಡ್ಡೆ, ಅದೂ ಮಹಾ ಅವಸರದ ಜಾತಿ ಎಂದರು. ಅದು ಕೂತ ಜಾಗದಿಂದಾಗಿ ಲೋಕದ ಎಡಭಾಗವೇ ಅವಳ ಪಾಲಿಗೆ ಇಲ್ಲವಾಗಿತ್ತು. ಕಣ್ಣು ಸರಿಯಾಗೇ ಇತ್ತು. ಅಲ್ಲೊಂದು ಪಕ್ಕ ಇದೆ ಅನ್ನುವುದೇ ತಲೆಯಿಂದ ಅಳಿಸಿಹೋಗಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಸಿಕ್ಕಷ್ಟು ತೆಗೆದರು, ಕಿರಣ ಕೊಟ್ಟರು. ಆಮೇಲೆ ನಿಮ್ಮ ಸಂಸ್ಥೆಯ ಹೊಸ ಔಷಧಿ. ಎಂಟನೇ ವಾರದ ಸ್ಕ್ಯಾನಿನಲ್ಲಿ ಉಳಿದ ಗೆಡ್ಡೆ ಕಡಲೆಕಾಳಿನಷ್ಟಾಗಿತ್ತು. ವೈದ್ಯರು ಕೊಟ್ಟ ಹಾಳೆಯ ಮೇಲೆ ಮಗಳು ಇಡೀ ಗಡಿಯಾರ ಬರೆದಳು, ಹನ್ನೆರಡಕ್ಕೆ ಹನ್ನೆರಡೂ ಅಂಕಿ. ಆ ಹಾಳೆ ನನ್ನ ಹತ್ತಿರ ಇದೆ. ಅವತ್ತು ನಾನೂ ನಿಮ್ಮ ಹಾಗೇ ಹಿಗ್ಗಿದೆ, ಸುಳ್ಳು ಹೇಳಲಾರೆ.

ಹದಿನೈದನೇ ವಾರ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡು ಬಂದಳು. ಅಷ್ಟಿಷ್ಟು ಬೆಳೆದಿದ್ದ ಕೂದಲು ಬಲಗಡೆ ನುಣ್ಣಗೆ, ಎಡಗಡೆ ಹಾಸಿಗೆಯಿಂದ ಎದ್ದ ಹಾಗೇ. ನಾನು ಅವಳ ಕೈಯಿಂದ ಬಾಚಣಿಗೆ ಇಸಿದುಕೊಂಡು ಎಡಗಡೆ ಬಾಚಿದೆ. ಅವಳಿಗೆ ಹೇಳಲಿಲ್ಲ, ಅವಳ ಮಗಳಿಗೆ ಹೇಳಲಿಲ್ಲ, ವೈದ್ಯರಿಗೂ ಇಲ್ಲ. ಮಾರನೇ ದಿನವೂ ಹಾಗೇ ಬಾಚಿದೆ. ಮೂರನೇ ದಿನ ಅವಳು ಅಂಗಿಯ ಬಲತೋಳು ಮಾತ್ರ ಹಾಕಿಕೊಂಡು, ಎಡತೋಳನ್ನು ನೇತಾಡಿಸಿಕೊಂಡು ಹೊರಗೆ ಬಂದಳು. ಕಾಲೇಜಿಗೆ ಹೊರಟಿದ್ದ ಮೊಮ್ಮಗಳು ಅಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಅಜ್ಜಿ, ನಿಂಗೆ ಗೊತ್ತಿತ್ತು ಅಲ್ವಾ?" ಅಂದಳು. ಆ ಮಾತು ಈಗಲೂ ನಮ್ಮ ಮನೆಯಲ್ಲಿ ಓಡಾಡಿಕೊಂಡಿದೆ. ಮೂವತ್ತನೇ ವಾರದಲ್ಲಿ ಮಗಳನ್ನು ಮಣ್ಣು ಮಾಡಿ ಬಂದೆವು.

ಹೋದ ತಿಂಗಳು ಅವಳ ಹೆಸರಿಗೇ ನಿಮ್ಮ ಆಹ್ವಾನ ಬಂತು, ಸ್ಪಂದಿಸಿದವರನ್ನೆಲ್ಲ ಕರೆದು ಗೌರವಿಸುತ್ತೀರಂತೆ. ಸತ್ತವಳನ್ನು ಕರೆದ ಮೇಲೆ ಮನೆಯವರು ಯಾರಾದರೂ ಹೋಗಬೇಕಲ್ಲ, ಹೋದೆ. ಕುರ್ಚಿಯ ಬೆನ್ನಿಗೆ ಅವಳ ಹೆಸರಿನ ಚೀಟಿ, ಹೆಸರಿನ ಕೆಳಗೆ ಒಂದು ಸಂಖ್ಯೆ. ಕೂತೆ. ಸಭಾಂಗಣದಲ್ಲಿ ಕೂತವರಿಗಿಂತ ಖಾಲಿ ಕುರ್ಚಿಗಳೇ ಹೆಚ್ಚು; ಒಂದೊಂದರ ಬೆನ್ನಿಗೂ ಹೀಗೇ ಚೀಟಿ. ತಾವು ವೇದಿಕೆ ಮೇಲಿಂದ ನಗುತ್ತಾ, ದೂರದಿಂದ ಬರುವವರಿಗೆ ಸ್ವಲ್ಪ ತಡವಾಗುತ್ತಿರಬಹುದು ಎಂದಿರಿ. ಹೌದು ಮಾನ್ಯರೇ, ಅವರು ಬಹಳ ದೂರದಿಂದ ಬರಬೇಕಾದವರು.

ಆಮೇಲೆ ಪರದೆಯ ಮೇಲೆ ಒಂದು ಗೆರೆ ತೋರಿಸಿದಿರಿ. ಅದು ಜಾರುಬಂಡೆಯ ಹಾಗೆ ಇಳಿದು ಎಂಟನೇ ವಾರಕ್ಕೆ ನಿಂತಿತು. ಅಲ್ಲಿಂದಾಚೆ ಏನಾಯಿತು ಎಂದು ಪಕ್ಕದವರನ್ನು ಕೇಳಿದೆ. "ಅಲ್ಲಿಗೆ ಅಧ್ಯಯನ ಮುಗೀತು ಅಜ್ಜಿ" ಎಂದರು. ನನ್ನ ಮಗಳು ಆಮೇಲೆ ಇಪ್ಪತ್ತೆರಡು ವಾರ ಇದ್ದಳು. ಆ ಇಪ್ಪತ್ತೆರಡು ವಾರವನ್ನು ಎಲ್ಲಿಟ್ಟಿರಿ? ಅರ್ಧ ಗಡಿಯಾರ ಹಿಡಿದುಕೊಂಡು "ಎಲ್ಲಾ ಇದೆಯಲ್ಲ" ಎಂದವಳಿಗೆ ಗೆಡ್ಡೆಯ ಕಾರಣವಿತ್ತು. ತಮಗೇನಿದೆ?

ಹೊರಗೆ ಬರುವಾಗ ನನ್ನ ಕೈಯಲ್ಲಿದ್ದ ಚೀಟಿಯ ಸಂಖ್ಯೆ ನೋಡಿ ಒಬ್ಬರು ನಿಂತರು. ಯಾರೆಂದು ಹುಡುಕಲು ಹೋಗಬೇಡಿ, ನಿಮ್ಮ ಕಟ್ಟಡದಲ್ಲಿ ಬಿಳಿ ಕೋಟು ಬೇಕಾದಷ್ಟಿವೆ. ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಒಂದು ಬೆಚ್ಚಗಿನ ಪೆಟ್ಟಿಗೆ ತೆಗೆದರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಯ ಚೂರನ್ನು ಮಗಳ ಒಪ್ಪಿಗೆ ಪಡೆದೇ ಅಲ್ಲಿ, ಅದೇ ಸಂಖ್ಯೆ ಬರೆದ ತಟ್ಟೆಯಲ್ಲಿ ಬೆಳೆಸಿದ್ದರು. ಅದಕ್ಕೂ ಅದೇ ಔಷಧಿ, ಅದೇ ಎಂಟು ವಾರ. ತಟ್ಟೆಯಲ್ಲಿ ಹೆಚ್ಚುಕಡಿಮೆ ಎಲ್ಲ ಕೋಶಗಳೂ ಸತ್ತಿದ್ದವು. ಬೆರಳೆಣಿಕೆಯಷ್ಟು ಉಳಿದಿದ್ದವು. ಮೂಲಕೋಶಗಳು ಎಂದರು. ನಿಮ್ಮ ಔಷಧಿ ಒಡೆದು ಎರಡಾಗುವ ಕೋಶವನ್ನು ಹಿಡಿದು ಕೊಲ್ಲುತ್ತದಂತೆ. ಇವು ಒಡೆಯದೆ ಮಲಗಿಬಿಡುತ್ತವೆ, ಮಲಗಿದ್ದನ್ನು ಔಷಧಿ ಮುಟ್ಟದೆ ದಾಟಿಹೋಗುತ್ತದೆ. ಕೆಲವು ಗೆಡ್ಡೆ ಬಿಟ್ಟು ನರದ ಎಳೆ ಹಿಡಿದು ದೂರ ತೆವಳಿ ಕೂತಿರುತ್ತವೆ, ಕತ್ತಿಗೂ ಸಿಗುವುದಿಲ್ಲ. ಒಂದು ದಿನ ಎದ್ದು, ತಮ್ಮಂಥವನ್ನೂ ಹೆರುತ್ತವೆ, ಅವಸರದವನ್ನೂ ಹೆರುತ್ತವೆ. ಗೆಡ್ಡೆ ಮತ್ತೆ ಹುಟ್ಟುತ್ತದೆ.

ನಿಮ್ಮ ವೈದ್ಯರೊಬ್ಬರು ಹಿಂದೆ ನನಗೆ, "ಹೊಲದ ಕಳೆ ಇದ್ದ ಹಾಗೆ ಅಜ್ಜಿ" ಎಂದು ಸುಲಭ ಮಾಡಿ ಹೇಳಿದ್ದರು. ಕಳೆ ಕಿತ್ತವಳು ನಾನು. ಮೇಲೆ ಹಸಿರು ಕಾಣಲಿಲ್ಲ ಎಂದು ಎಂಟನೇ ವಾರಕ್ಕೆ ಹೊಲಕ್ಕೆ ಬೆನ್ನು ಹಾಕಿ ಶಾಲು ಹೊದಿಸಿಕೊಂಡವರನ್ನು ನಮ್ಮ ಕಡೆ ನಾನು ಕಂಡಿಲ್ಲ.

ಅಧ್ಯಯನ ಮುಗಿದ ಮೇಲೂ ಆ ಬಿಳಿ ಕೋಟಿನವರು ಎಸೆಯಲು ಕೈ ಬಾರದೆ ಆ ತಟ್ಟೆಗೆ ಆಹಾರ ಹಾಕುತ್ತಾ ಬಂದಿದ್ದರು. ಮಲಗಿದ್ದವು ಎದ್ದು ಒಡೆಯತೊಡಗಿದ ದಿನವನ್ನು ತಮ್ಮ ಸ್ವಂತ ನೋಟುಬುಕ್ಕಿನಲ್ಲಿ ಗುರುತು ಮಾಡಿಕೊಂಡಿದ್ದರು. ನಿಮ್ಮ ನಮೂನೆಯಲ್ಲಿ ಅದನ್ನು ಬರೆಯಲು ಕಾಲಂ ಇಲ್ಲವಂತೆ. ಯಾವ ವಾರ ಎಂದು ಕೇಳಿದೆ. ಹದಿನೈದನೆಯದು. ನಾನು ಮನೆಯಲ್ಲಿ ಬಾಚಣಿಗೆ ಹಿಡಿದು ಸುಮ್ಮನಿದ್ದ ವಾರವೇ ಅವು ಇಲ್ಲಿ ಎದ್ದಿದ್ದವು. ನಾನೂ ಹೇಳಲಿಲ್ಲ, ಇಲ್ಲಿ ಕೇಳುವವರೂ ಇರಲಿಲ್ಲ.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಕೋರೆಹಲ್ಲಿನ ರಾಕ್ಷಸರನ್ನು ಕಾಣುತ್ತೇನೆ ಅಂದುಕೊಂಡಿದ್ದೆ. ಕಂಡದ್ದು ಉದ್ದ ಬಾಲದ ಬೀಜಗಳಂಥವು, ಪಕ್ಕದ್ದನ್ನು ಮುಟ್ಟಲು ಕೈ ಚಾಚಿದ ಹಾಗಿದ್ದವು. ನನ್ನ ಮಗಳನ್ನು ಕೊಂದವು. ನನ್ನ ಮಗಳಿಂದಲೇ ಆದವು, ಎಂದ ಮೇಲೆ ನನ್ನ ಹೊಟ್ಟೆಯಿಂದ ಬಂದವು. ಅವಳದೇ ಮೈಯ ಜೀವ ಈ ಭೂಮಿ ಮೇಲೆ ಇನ್ನೂ ಉಸಿರಾಡುತ್ತಿರುವುದು ಆ ತಟ್ಟೆಯಲ್ಲಿ ಮಾತ್ರ. ನಾಲಿಗೆ ಚೂಪು ಎಂದು ಊರೆಲ್ಲ ಬೈಸಿಕೊಂಡ ನನಗೆ ಅವತ್ತು ಒಂದು ಬೈಗುಳವೂ ಬಾಯಿಗೆ ಬರಲಿಲ್ಲ.

ಪ್ರಯೋಗ ಯಶಸ್ವಿ, ಆದ್ದರಿಂದ ತಟ್ಟೆಗಳನ್ನೆಲ್ಲ ಈ ತಿಂಗಳ ಕೊನೆಗೆ ಸುಡಬೇಕು ಎಂದು ತಮ್ಮ ಸಹಿಯ ಆದೇಶ ಆ ಪೆಟ್ಟಿಗೆಯ ಬಾಗಿಲಿಗೇ ಅಂಟಿಸಿತ್ತು. ಈಗ ತಿಳಿಯಿತೇ, ಒಂದು ಸಾಲಿಗಾಗಿ ಈ ಮುದುಕಿ ಯಾಕೆ ಇಷ್ಟು ಜಗ್ಗಾಡುತ್ತಿದ್ದಾಳೆ ಎಂದು? ಮಗಳು ಗೆದ್ದವರಲ್ಲಿ ಇರುವವರೆಗೆ ಆ ತಟ್ಟೆ ನಿಮಗೆ ಕಸ. ಅವಳು ಸೋತಳು ಎಂದು ಬರೆದರೆ, ಯಾಕೆ ಸೋತಳು ಎಂದು ಯಾರಾದರೂ ಅದರೊಳಗೆ ನೋಡಲೇಬೇಕು.

ಆದ್ದರಿಂದ ತಿಂಗಳು ಮುಗಿಯುವ ಮೊದಲು ಆ ಪಟ್ಟಿ ತಿದ್ದಿ. ಗೆರೆಯನ್ನು ಮೂವತ್ತನೇ ವಾರದವರೆಗೆ ಎಳೆಯಿರಿ, ಅದು ಎಲ್ಲಿಗೆ ಹೋಗುತ್ತದೋ ಹೋಗಲಿ. ಆ ತಟ್ಟೆ ಸುಡಬೇಡಿ. ಮಗಳನ್ನು ಕೊಂದದ್ದಕ್ಕೆ ಹೊತ್ತು ಹೊತ್ತಿಗೆ ಉಣ್ಣಿಸಿ ಎಂದು ಬೇಡುವ ತಾಯಿ ನಾನೊಬ್ಬಳೇ ಇರಬೇಕು. ಉಣ್ಣಿಸಿ. ಅದು ಮಲಗಿದಾಗ ಹತ್ತಿರ ಕೂತು ನೋಡಿ. ನಾನು ಎರಡು ದಿನ ಸುಮ್ಮನಿದ್ದೆ, ಅದರ ಶಿಕ್ಷೆ ಮನೆಯಲ್ಲಿ ದಿನಾ ಅನುಭವಿಸುತ್ತಿದ್ದೇನೆ. ತಾವು ಸುಮ್ಮನಿರುವುದಕ್ಕೆ ಹದಿನಾಲ್ಕು ತಿಂಗಳಾಯಿತು.

ಇಂತಿ,
ಖಾಲಿ ಇರಬೇಕಾಗಿದ್ದ ಕುರ್ಚಿಯಲ್ಲಿ ಕೂತು ಬಂದ,
ತಮ್ಮ ಲೆಕ್ಕದಲ್ಲಿ ಗುಣವಾದವಳ ತಾಯಿ